ಮುಧೋಳ ನಾಯಿಯನ್ನು 'ಮಿನಿ' ಮಾಡುವುದು ಸರಿನಾ?

ಕುಷ್ಟಗಿ ಕಟ್ಟೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕುಷ್ಟಗಿ ಹತ್ತಿರದ ಹಳ್ಳಿ. ಅಪ್ಪ ಕುರಿ ನೋಡಿಕೊಳ್ಳುತ್ತಾರೆ, ನಾನು ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ನಾಯಿ ವಿಷಯದಲ್ಲಿ ನಾನೇನೂ ಪಂಡಿತ ಅಲ್ಲ. ಮನೆಯಲ್ಲಿ ಮೊದಲಿನಿಂದಲೂ ನಾಯಿ ಇವೆ, ಅಷ್ಟೇ.

ಈಗಿರುವುದು ಮುಧೋಳ ಹೆಣ್ಣು, ಹೆಸರು ಮಿಂಚಿ. ಅದರ ಜೊತೆ ಹುಟ್ಟಿದವೆಲ್ಲ ಎತ್ತರ ಬೆಳೆದವು, ಇದು ಮಾತ್ರ ಗಿಡ್ಡ. ಮುಧೋಳ ಗಂಡು ಭುಜದ ಹತ್ತಿರ ಎರಡೂಕಾಲು ಅಡಿ ಇರುತ್ತದೆ, ಹೆಣ್ಣು ಅದಕ್ಕಿಂತ ಸ್ವಲ್ಪ ಕಡಿಮೆ ಅಲ್ವಾ? ಇದು ಒಂದೂಮುಕ್ಕಾಲು ಅಡಿಯನ್ನೂ ಮುಟ್ಟಿಲ್ಲ. ಆದರೆ ಓಟಕ್ಕೇನೂ ಕಡಿಮೆ ಇಲ್ಲ. ಹೊಲದ ಬದುವಿನ ಮೇಲೆ ಬಿಟ್ಟರೆ ಕಣ್ಣಿಗೆ ಕಾಣುವುದು ಬರೀ ದೂಳು.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸ ಮಾಡಿ ವಾಪಸ್ ಬಂದಿದ್ದಾನೆ. ಅವನಿಗೆ ಮಿಂಚಿ ಮೇಲೆ ಕಣ್ಣು ಬಿದ್ದಿದೆ. 2020ರಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಪೇಟೆ ಜನಕ್ಕೆಲ್ಲ ಈ ನಾಯಿ ಬೇಕಂತೆ, ಆದರೆ ಫ್ಲ್ಯಾಟಿಗೆ ಇಷ್ಟು ದೊಡ್ಡದು ಬೇಡವಂತೆ. ಅದಕ್ಕೆ ಮಿಂಚಿಯ ತಾಯಿಯದೇ ಹಿಂದಿನ ಸೂಲಿನ ಗಂಡು ಒಂದಿದೆ, ಅದೂ ಸ್ವಲ್ಪ ಕುಳ್ಳ, ಅದರ ಜೊತೆ ಮಿಂಚಿಯನ್ನು ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಸಣ್ಣವನ್ನೇ ಆರಿಸಿ ಮತ್ತೆ ಕೂಡಿಸಿ, ಹೀಗೇ ಮುಂದುವರಿಸಿ 'ಮಿನಿ ಮುಧೋಳ' ಅಂತ ಮಾರುವುದು ಅವನ ಯೋಜನೆ.

ಅಪ್ಪ ಕೇಳಿದವರೇ ಎದ್ದು ಹೋದರು. ಆದರೆ ಹುಡುಗ ಒಂದು ಮಾತು ಹೇಳಿದ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. "ಮಾಮಾ, ಈ ನಾಯಿ ಇದ್ದದ್ದೇ ಬೇಟೆಗೆ. ಈಗ ಬೇಟೆಯೇ ಕಾನೂನಿಗೆ ವಿರುದ್ಧ, ಮೊಲ ಹಿಡಿದರೂ ಕೇಸು. ಕೆಲಸವೇ ಹೋದ ಮೇಲೆ ಆ ಮೈ ಯಾಕೆ ಉಳಿಸಬೇಕು? ಸಣ್ಣದಾದರೆ ನಾಲ್ಕು ಜನರ ಮನೆಯಲ್ಲಿ ಸುಖವಾಗಿ ಬದುಕುತ್ತದೆ."

ಲಾಭ ನಷ್ಟದ ಮಾತು ಬೇಡ. ನಾಯಿಯ ಕಡೆಯಿಂದ ನೋಡಿದರೆ ಇದು ತಪ್ಪಾ?

ಬಿಸಿಲೂರಿನವ:

ನಾನು ಬಳ್ಳಾರಿಯವನು. ಪಶುಪಾಲನೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹೆಚ್ಚು ನೋಡಿದ್ದು ದನ, ಎಮ್ಮೆ, ಕುರಿ. ನಾಯಿ ನನ್ನ ಹುಚ್ಚು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಿಂಚಿ ಗಿಡ್ಡ ಅಂದಿರಿ. ಯಾಕೆ ಗಿಡ್ಡ? ಇದನ್ನು ನಿಮ್ಮ ಅಳಿಯ ಕೇಳಿಲ್ಲ. ಮರಿ ಇದ್ದಾಗ ಜಂತುಹುಳು ಆಗಿರಬಹುದು. ಹಾಲಿಗೆ ಕಚ್ಚಾಡುವಾಗ ಇದು ಹಿಂದೆ ಬಿದ್ದಿರಬಹುದು. ಹಾಗಿದ್ದರೆ ಗಿಡ್ಡತನ ಮೈಗೆ ಮಾತ್ರ, ರಕ್ತದಲ್ಲಿ ಇಲ್ಲ. ಮರಿಗಳು ಅಜ್ಜನ ಹಾಗೆ ಎತ್ತರಕ್ಕೇ ಬೆಳೆಯುತ್ತವೆ. ಆಗ ಎರಡು ಅನಾಹುತ. ದೊಡ್ಡ ಮರಿ, ಸಣ್ಣ ತಾಯಿ. ಮರಿ ದಾರಿಯಲ್ಲೇ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ದೇ ತೆಗೆಯಬೇಕು. ರಾತ್ರಿ ಎರಡು ಗಂಟೆಗೆ ನಾಯಿಗೆ ಸಿಸೇರಿಯನ್ ಮಾಡುವವರು ನಿಮ್ಮ ಊರಿನ ಹತ್ತಿರ ಯಾರಿದ್ದಾರೆ ನೀವೇ ಯೋಚಿಸಿ. ಇನ್ನೊಂದು, 'ಮಿನಿ' ಅಂತ ದುಡ್ಡು ಕೊಟ್ಟು ಒಯ್ದವನ ಮನೆಯಲ್ಲಿ ವರ್ಷ ತುಂಬುವಷ್ಟರಲ್ಲಿ ಪೂರ್ತಿ ಸೈಜಿನ ಬೇಟೆ ನಾಯಿ ನಿಂತಿರುತ್ತದೆ.

ಇನ್ನು ನಿಜವಾಗಿಯೂ ರಕ್ತದಲ್ಲೇ ಇದ್ದರೆ? ಅಣ್ಣ ತಂಗಿಯನ್ನು ಕೂಡಿಸುವುದು ಬೇಡವೇ ಬೇಡ. ಎತ್ತರ ಇಳಿಯುವುದಕ್ಕೆ ಮೊದಲೇ ಬೇರೆ ದೋಷಗಳು ಮೇಲೆ ಬರುತ್ತವೆ. ಮುಧೋಳ ಮೊದಲೇ ಸಣ್ಣ ಬಳಗ, ಲ್ಯಾಬ್ರಡಾರ್ ಹಾಗೆ ಜಗತ್ತೆಲ್ಲ ಹರಡಿಲ್ಲ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದವರು ನಾಯಿಗೆಂದೇ ಸಂಶೋಧನಾ ಕೇಂದ್ರ ಇಟ್ಟುಕೊಂಡು ಈ ತಳಿ ಕೆಡದ ಹಾಗೆ ಕಾಯುತ್ತಿದ್ದಾರೆ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳೂ ಇಂಥ ಹತ್ತಿರದ ಸಂಬಂಧದ ಕೂಡಿಕೆಯನ್ನು ಬೇಡ ಅನ್ನುತ್ತವೆ. ಮಾರಾಟಕ್ಕೆ ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು, ಎಂಟು ವಾರ ಆಗದ ಮರಿ ಮಾರುವಂತಿಲ್ಲ. ನಮ್ಮ ಕಡೆ ತಿಂಗಳ ಮರಿಯನ್ನೇ 'ಮಿನಿ' ಅಂತ ಕೈಗಿಟ್ಟು ಕಳಿಸುವವರಿದ್ದಾರೆ, ಅದು ಬೇರೆ ಕಥೆ.

ಆದರೂ ಸಣ್ಣದು ಮಾಡಿದ್ದೇ ಪಾಪ ಅಂತ ನಾನು ಹೇಳುವುದಿಲ್ಲ. ವಿಪ್ಪೆಟ್ ನೋಡಿ. 19ನೇ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಗಣಿ ಕೂಲಿಗಳು ಬೆಳೆಸಿದ ನಾಯಿ. ಗಣಿ ಅಂದರೆ ನಮ್ಮ ಸಂಡೂರಿನ ಕಬ್ಬಿಣದ್ದಲ್ಲ, ಕಲ್ಲಿದ್ದಲಿನದು. ಗ್ರೇಹೌಂಡ್ ಅನ್ನುವ ದೊಡ್ಡ ಓಟದ ನಾಯಿ ಸಾಕಲು ಅವರ ಕೈಯಲ್ಲಿ ಆಗುತ್ತಿರಲಿಲ್ಲ. ಅದೇ ಜಾತಿಯ ಓಟ, ಅರ್ಧ ತೂಕ, ಮನೆಯವರ ತಟ್ಟೆಯಲ್ಲಿ ಉಳಿದದ್ದರಲ್ಲೇ ಹೊಟ್ಟೆ ತುಂಬುವ ನಾಯಿ ಅವರಿಗೆ ಬೇಕಿತ್ತು. ಮೊಲ ಹಿಡಿಸಿದರು. ಒಂದು ತುದಿಯಲ್ಲಿ ನಿಂತು ಬಟ್ಟೆ ಬೀಸಿ ಪಂದ್ಯ ಓಡಿಸಿದರು. ಓಡದ ನಾಯಿಯಿಂದ ಮರಿ ತೆಗೆಯಲಿಲ್ಲ. ಆ ನಾಯಿ ಇವತ್ತಿಗೂ ಗಟ್ಟಿ. ಯಾಕಂದರೆ ಸಣ್ಣದಾದದ್ದು ಕೆಲಸದ ಒಳಗೆ.

ಅದೇ ಬಳಗದಲ್ಲಿ ಇಟಾಲಿಯನ್ ಗ್ರೇಹೌಂಡ್ ಇದೆ, ನಾಲ್ಕೈದು ಕೆಜಿ ತೂಕ, ನೂರಾರು ವರ್ಷ ಅರಮನೆಗಳಲ್ಲಿ ಬೆಳೆದದ್ದು. ಅದರ ಮುಂಗಾಲಿನ ಎಲುಬು ಪೆನ್ಸಿಲಿನ ಹಾಗೆ. ಸೋಫಾದಿಂದ ಹಾರಿ ಕಾಲು ಮುರಿದುಕೊಳ್ಳುವುದು ಆ ಜಾತಿಯಲ್ಲಿ ಹೆಸರಾದ ತೊಂದರೆ. ನಾಯಿಗೆ ಹಾರಬೇಡ ಅಂತ ಯಾರು ಹೇಳುವುದು? ಓಡು ಅಂತ ಹೇಳುವ ರಕ್ತ ಹಾಗೇ ಇದೆ, ಅದನ್ನು ತಾಳುವ ಎಲುಬು ಇಲ್ಲ. ನನ್ನ ತಕರಾರು ಪೂರಾ ಇಲ್ಲೇ ಇದೆ. ಎತ್ತರವನ್ನು ಐದಾರು ತಲೆಮಾರಿನಲ್ಲಿ ಇಳಿಸಬಹುದು, ಆಸೆಯನ್ನು ಇಳಿಸಲು ಆಗುವುದಿಲ್ಲ.

ಅಮೆರಿಕದಲ್ಲಿ ಆಸ್ಟ್ರೇಲಿಯನ್ ಶೆಫರ್ಡ್ ಅನ್ನೋ ಕುರಿ ನಾಯಿಯನ್ನು 1960ರ ದಶಕದ ಕೊನೆಯಿಂದ ಸಣ್ಣದು ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಕೊನೆಗೆ 2015ರಲ್ಲಿ ಮಿನಿಯೇಚರ್ ಅಮೆರಿಕನ್ ಶೆಫರ್ಡ್ ಅಂತ ಪೂರ್ತಿ ಮಾನ್ಯತೆ ಸಿಕ್ಕಿತು. ಇವು ತಕ್ಕಮಟ್ಟಿಗೆ ಚೆನ್ನಾಗಿಯೇ ಇವೆ, ಕುರಿಯನ್ನೂ ತಿರುಗಿಸುತ್ತವೆ. ಆದರೆ ದೊಡ್ಡದರ ರಕ್ತದಲ್ಲಿದ್ದದ್ದು ಇಲ್ಲಿಗೂ ಬಂತು. ಎಂಡಿಆರ್1 ಅನ್ನುವ ಒಂದು ಜೀನ್ ಕೆಟ್ಟಿರುವ ನಾಯಿಗಳು ಇವುಗಳಲ್ಲಿ ಇವೆ. ಅಂಥ ನಾಯಿಗೆ ನಾವು ಕುರಿಗೆ ಕೊಡುವ ಐವರ್ಮೆಕ್ಟಿನ್ ಅನ್ನುವ ಹುಳದ ಔಷಧ ಜಾಸ್ತಿ ಪ್ರಮಾಣದಲ್ಲಿ ಹೋದರೆ ಮಿದುಳಿಗೆ ಏರಿ ಜೀವಕ್ಕೇ ಕುತ್ತು. ಕಜ್ಜಿ ಬಂತು ಅಂತ ಕುರಿ ಸೂಜಿಯನ್ನೇ ನಾಯಿಗೆ ಚುಚ್ಚುವ ಊರು ನಮ್ಮದು. ಹಾಗಾಗಿ ಹೇಳಿದೆ.

ಇನ್ನೂ ಸುಲಭದ ದಾರಿ ಗಿಡ್ಡ ಕಾಲಿನ ಜಾತಿ ಬೆರೆಸುವುದು. ಅದನ್ನಂತೂ ಅಳಿಯನ ತಲೆಗೆ ಹಾಕಬೇಡಿ. ಡ್ಯಾಶ್‌ಹೌಂಡ್, ಕೋರ್ಗಿಗಳ ಕಾಲು ಗಿಡ್ಡ ಮಾಡುವುದು ಎಫ್‌ಜಿಎಫ್4 ಅನ್ನುವ ಜೀನಿನ ಹೆಚ್ಚುವರಿ ಪ್ರತಿ. 2009ರಲ್ಲಿ ಒಂದು ಪ್ರತಿ ಪತ್ತೆಯಾಯಿತು, 2017ರಲ್ಲಿ ಇನ್ನೊಂದು. ಈ ಎರಡನೆಯದು ಬೆನ್ನೆಲುಬಿನ ನಡುವಿನ ಡಿಸ್ಕನ್ನೂ ಬೇಗ ಗಟ್ಟಿ ಮಾಡುತ್ತದೆ. ಡಿಸ್ಕ್ ಜಾರಿದರೆ ಹಿಂಗಾಲು ಎಳೆದುಕೊಂಡು ಓಡಾಡುವ ನಾಯಿ ಆಗುತ್ತದೆ.

ಗಾಂಧಿನಗರ ಎರಡನೇ ಮಹಡಿ:

ಬಳ್ಳಾರಿಯಿಂದಲೇ ಬರೆಯುತ್ತಿದ್ದೇನೆ. ಬಿಸಿಲೂರಿನ ಸರ್ ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ. ಆದರೆ ಸಣ್ಣ ನಾಯಿ ಸಾಕುವವರನ್ನು ನೋಡಿದರೆ ಎಲ್ಲರಿಗೂ ಒಂದು ತಾತ್ಸಾರ ಇದೆ. ಅದು ಸರಿಯಲ್ಲ.

ನಮ್ಮ ಮನೆಯಲ್ಲಿ ಮಿನಿ ಪಿನ್ಷರ್ ಇದೆ. ಮಾರಿದವನು 'ಮಿನಿ ಡಾಬರ್ಮನ್' ಅಂದಿದ್ದ. ಸುಳ್ಳು. ಡಾಬರ್ಮನ್ ತಳಿ ಜರ್ಮನಿಯಲ್ಲಿ ಹುಟ್ಟಿದ್ದೇ 19ನೇ ಶತಮಾನದ ಕೊನೆಗೆ. ಈ ಸಣ್ಣ ಪಿನ್ಷರ್ ಅದಕ್ಕಿಂತ ಹಳೆಯದು, ಕೊಟ್ಟಿಗೆಯಲ್ಲಿ ಇಲಿ ಹಿಡಿಯಲು ಇದ್ದ ನಾಯಿ. ನಮ್ಮದು ಈಗಲೂ ಪಕ್ಕದ ಅಕ್ಕಿ ಅಂಗಡಿಯಲ್ಲಿ ಹೆಗ್ಗಣ ಹಿಡಿಯುತ್ತದೆ. ಅಂಗಡಿಯವರು ಬಂದು ಕರೆದುಕೊಂಡು ಹೋಗುತ್ತಾರೆ! ಅಂದರೆ ಸಣ್ಣ ನಾಯಿಗೂ ತನ್ನದೇ ಕೆಲಸ ಇರುತ್ತದೆ.

ಮತ್ತೆ ಸಣ್ಣತನ ಅಸಹಜ ಅಂತಲೂ ಹೇಳಲಾಗದು. ಐಜಿಎಫ್1 ಅನ್ನುವ ಒಂದೇ ಜೀನ್ ನಾಯಿಯ ಗಾತ್ರದ ಮೇಲೆ ದೊಡ್ಡ ಪರಿಣಾಮ ಮಾಡುತ್ತದೆ ಅಂತ 2007ರಲ್ಲಿ ಗೊತ್ತಾಯಿತು. ಸಣ್ಣ ನಾಯಿಗಳಲ್ಲಿರುವ ಅದರ ರೂಪ 50 ಸಾವಿರ ವರ್ಷಕ್ಕೂ ಹಳೆಯ ತೋಳದ ಡಿಎನ್ಎಯಲ್ಲೂ ಸಿಕ್ಕಿದೆ, 2022ರ ಸಂಶೋಧನೆ. ಮನುಷ್ಯ ನಾಯಿ ಸಾಕುವ ಮೊದಲೇ ಅದು ಇತ್ತು.

ಎರಡು ಕೋಣೆ ಮನೆಯಲ್ಲಿ ಮುಧೋಳವನ್ನು ಗ್ರಿಲ್ಲಿಗೆ ಕಟ್ಟಿಹಾಕಿರುವುದನ್ನು ನಾನು ದಿನಾ ನೋಡುತ್ತೇನೆ. ಅದು ಹಿಂಸೆ ಅಲ್ವಾ? ಈ ಮನೆಗೆ ಸಣ್ಣದೊಂದು ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಪಾಕೆಟ್ ಹಸ್ಕಿ, ಅಂದರೆ ಹಿಮದ ನಾಡಿನ ಹಸ್ಕಿ ನಾಯಿಯ ಪುಟ್ಟ ರೂಪ, ಬೇಕು ಅನ್ನುವವರನ್ನು ಮಾತ್ರ ನಾನೂ ಬಯ್ಯುತ್ತೇನೆ. ಅಲಾಸ್ಕಾದ ವಸಿಲ್ಲಾದಲ್ಲಿ 1970ರ ದಶಕದಲ್ಲಿ ಅಲಾಸ್ಕನ್ ಕ್ಲೀ ಕಾಯ್ ಅಂತ ಸಣ್ಣ ಹಸ್ಕಿ ಮಾಡಿದರು, ಅಲ್ಲಿಗೆ ಅದು ಸರಿ. ಮೈ ಸಣ್ಣದಾದರೂ ಎರಡು ಪದರದ ತುಪ್ಪಳ ಹಾಗೇ ಇದೆ. ಏಪ್ರಿಲ್‌ನಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ, ಎಸಿ ಇದ್ದರೂ ಕರೆಂಟ್ ಇರಬೇಕಲ್ಲ.

ಲಿಂಗಸುಗೂರು ಕುರಿಗಾರ:

ನೀವೆಲ್ಲ ಓದಿದವರು. ನಾನು ಒಂದೇ ಕೇಳುತ್ತೇನೆ. ಈ ಹುಡುಗ ಸಣ್ಣವನ್ನು ಆರಿಸಿ ಮಾರುತ್ತಾನೆ, ಸರಿ. ಸೂಲಿಗೆ ಐದಾರು ಮರಿ. ಸಣ್ಣದು ಒಂದೋ ಎರಡೋ. ಉಳಿದವು ಎಲ್ಲಿಗೆ ಹೋಗುತ್ತವೆ?

ನಮ್ಮ ಹಿಂಡಿಗೇ ಬರುತ್ತವೆ. "ತಗೋ ಕಾಕಾ, ಜಾತಿ ನಾಯಿ, ಪುಕ್ಕಟೆ" ಅಂತ ಬಿಟ್ಟು ಹೋಗುತ್ತಾರೆ. ಅಣ್ಣ ತಂಗಿಯ ಮರಿ, ಒಂದಕ್ಕೆ ಹಲ್ಲು ಸರಿ ಕೂಡುವುದಿಲ್ಲ, ಇನ್ನೊಂದಕ್ಕೆ ಎದೆ ಸಾಲದು. ರಾತ್ರಿ ಹೊಲದಲ್ಲಿ ಕುರಿ ತರುಬಿದಾಗ ತೋಳ ಬರುತ್ತದೆ. ಗಂಗಾವತಿ ಕಡೆ ಬಂಕಾಪುರದಲ್ಲಿ ತೋಳಕ್ಕೆಂದೇ ಧಾಮ ಮಾಡಿದ್ದಾರೆ, ಇರಲಿ, ಅವೂ ಬದುಕಲಿ. ಆದರೆ ತೋಳ ದೂರದಲ್ಲೇ ನಿಂತು ನಾಯಿಯನ್ನು ಅಳೆಯುತ್ತದೆ. ಮುಳ್ಳಿನ ಪಟ್ಟಿ ಹಾಕಿದ ದೊಡ್ಡ ನಾಯಿ ನಾಲ್ಕು ಸಲ ಬೊಗಳಿದರೆ ಸಾಕು, ಜಗಳವೇ ಆಗುವುದಿಲ್ಲ. ನಾಯಿ ಸಣ್ಣದಾದರೆ ಜಗಳ ಆಗುತ್ತದೆ, ಸಾಯುವುದು ನಾಯಿ.

ಮುಧೋಳ ಹಿಂಡು ಕಾಯುವ ನಾಯಿ ಅಲ್ಲ ಅಂತ ಹೇಳಬೇಡಿ, ಗೊತ್ತು. ಆದರೆ ನಮ್ಮ ಹಟ್ಟಿ ನಾಯಿಗಳಲ್ಲಿ ಆ ರಕ್ತ ಬೇಕಾದಷ್ಟು ಇದೆ. ನೀವು ಪೇಟೆಗೆ ಅಂತ ಕೆಡಿಸಿದ್ದು ಇಲ್ಲಿಗೂ ಬಂದು ಸೇರುತ್ತದೆ.

ಕುಷ್ಟಗಿ ಕಟ್ಟೆ:

ಎಲ್ಲರಿಗೂ ಧನ್ಯವಾದ. ಅಳಿಯನನ್ನು ಅಂಗಡಿಗೆ ಕರೆಸಿ ಎಲ್ಲ ಓದಿಸಿದೆ. ಕುರಿಗಾರ ಕಾಕಾ ಬರೆದದ್ದನ್ನು ಎರಡು ಸಲ ಓದಿದ. ಉಳಿದ ಮರಿಗಳ ಲೆಕ್ಕ ಅವನು ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ ಬಿಡಿ.

ಆದರೂ ವಿಪ್ಪೆಟ್ ಉದಾಹರಣೆ ಹಿಡಿದುಕೊಂಡಿದ್ದಾನೆ. "ಆ ಗಣಿ ಕೂಲಿಗಳು ಮಾಡಿದ್ದು ಸರಿ, ನಾನು ಮಾಡಿದರೆ ತಪ್ಪಾ?" ಅನ್ನುತ್ತಾನೆ. ಏನು ಹೇಳಲಿ ಸರ್?

ಬಿಸಿಲೂರಿನವ:

ತಪ್ಪಲ್ಲ ಅಂತಲೇ ಹೇಳಿ. ಜೊತೆಗೆ ಈ ಪ್ರಶ್ನೆಗಳನ್ನೂ ಕೇಳಿ. ಆ ಕೂಲಿಗಳ ಸಣ್ಣ ನಾಯಿ ಯಾವ ಕೆಲಸದಲ್ಲಿ ಪಾಸಾಗಬೇಕಿತ್ತು? ನಿನ್ನದು ಯಾವುದರಲ್ಲಿ ಪಾಸಾಗಬೇಕು? ಫೋಟೋದಲ್ಲಿ ಮಾತ್ರ ಅಂದರೆ ಬೇಡ. ಓಡಿಸಿ ನೋಡಿ, ಎಲುಬು, ಹೃದಯ ಪರೀಕ್ಷೆ ಮಾಡಿಸಿ, ಸಂಬಂಧ ಇಲ್ಲದ ಬೇರೆ ಬೇರೆ ಮನೆತನದ ನಾಯಿಗಳಿಂದ, ಹತ್ತಿಪ್ಪತ್ತು ವರ್ಷ ಕೂತು ಮಾಡುವ ತಾಳ್ಮೆ ಇದ್ದರೆ ಮಾಡಲಿ. ಮಾರಾಟವಾಗದ ಒಂದೊಂದು ಮರಿಯನ್ನೂ ಸಾಯುವವರೆಗೆ ತಾನೇ ಸಾಕುತ್ತೇನೆ ಅಂತ ಮೊದಲೇ ಬರೆದುಕೊಡಲಿ. ಅಷ್ಟು ಖರ್ಚಿಗೆ ಮಿನಿ ಮುಧೋಳಕ್ಕೆ ಯಾವ ಬೆಲೆ ಇಟ್ಟರೂ ಗಿಟ್ಟುವುದಿಲ್ಲ, ಅದು ಅವನಿಗೇ ಗೊತ್ತಾಗುತ್ತದೆ.

'ಕೆಲಸ ಹೋಯಿತು' ಅನ್ನುವುದೂ ಅರ್ಧ ನಿಜ. ಬೇಟೆ ನಿಂತಿದೆ, ಒಳ್ಳೆಯದೇ ಆಯಿತು. ಆದರೆ 2016ರಲ್ಲಿ ಸೇನೆಯವರು ಇದೇ ಮುಧೋಳ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ದೇಶಿ ತಳಿಗೆ ಹೊಸ ಕೆಲಸ ಹುಡುಕುವುದು ಸಾಧ್ಯ.

ಎರಡನೇ ಮಹಡಿಯ ಮೇಡಂಗೆ ಒಂದು ಮಾತು. ಗ್ರಿಲ್ಲಿಗೆ ಕಟ್ಟಿದ ಮುಧೋಳ ಹಿಂಸೆಯೇ, ಸಂಶಯ ಇಲ್ಲ. ಆದರೆ ಅದೇ ಗ್ರಿಲ್ಲಿಗೆ ಮಿನಿ ಮುಧೋಳ ಕಟ್ಟಿದರೂ ಹಿಂಸೆಯೇ. ಆ ಮನೆಗೆ ನಿಮ್ಮ ಪಿನ್ಷರ್ ಸರಿ, ಇಲ್ಲವಾದರೆ ಬೀದಿಯ ಮರಿ ಇನ್ನೂ ಸರಿ.

ಕುಷ್ಟಗಿ ಕಟ್ಟೆ:

ಸರಿ ಸರ್. ಮಿಂಚಿಯಿಂದ ಮರಿ ತೆಗೆಯುವುದು ಬೇಡ ಅಂತ ಮನೆಯಲ್ಲಿ ತೀರ್ಮಾನ ಆಯಿತು. ಅಳಿಯನ ಮುಖ ಇನ್ನೂ ಊದಿಕೊಂಡೇ ಇದೆ. ಮಿಂಚಿ ಹೋದ ವಾರವಷ್ಟೇ ಬೆದೆ ಮುಗಿಸಿದೆ. ಆಪರೇಷನ್ ಈಗಲೇ ಮಾಡಿಸಬಹುದಾ?

ಬಿಸಿಲೂರಿನವ:

ಈಗ ಬೇಡ. ಎರಡು ಮೂರು ತಿಂಗಳು ಬಿಟ್ಟು ಮಾಡಿಸಿ, ಅಲ್ಲಿಯವರೆಗೆ ಗಂಡು ನಾಯಿಗಳಿಂದ ದೂರ ಇರಲಿ. ಡಾಕ್ಟರಿಗೆ ಇದು ಬೇಟೆ ನಾಯಿ ಬಳಗದ್ದು ಅಂತ ಮೊದಲೇ ಹೇಳಿ. ಈ ತೆಳ್ಳನೆಯ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟಾಲ್ ತರಹದ ಮತ್ತಿನ ಔಷಧ ಕೊಟ್ಟರೆ ಎಚ್ಚರ ಆಗುವುದು ಬಹಳ ತಡ. ಬೇರೆ ಔಷಧ ಇವೆ, ಅವರಿಗೆ ಗೊತ್ತಿರುತ್ತದೆ. ಹೋಗುವಾಗ ತೂಕ ಮಾಡಿಸಿಕೊಂಡೇ ಹೋಗಿ, ಅಂದಾಜಿನ ಮೇಲೆ ಬಿಡಬೇಡಿ.