ಭಯೋತ್ಪಾದನೆ ಬಗ್ಗೆ ಓದಲು ಸ್ಕಾಟ್ಲೆಂಡ್‌ಗೆ ಹೋಗಬೇಕಾ?

ದಾವಣಗೆರೆ ಮಾವ: ತಂಗಿ ಮಗಳು ಬಿಎ ಮುಗಿಸಿದ್ದಾಳೆ. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಭಯೋತ್ಪಾದನೆ ಮತ್ತು ರಾಜಕೀಯ ಹಿಂಸೆ ಬಗ್ಗೆ ಪಿಜಿ ಮಾಡುತ್ತಾಳಂತೆ. ಅಲ್ಲಿ ಇದಕ್ಕೆಂದೇ 1994ರಿಂದ ಒಂದು ಕೇಂದ್ರ ಇದೆ. ಓದಿ ವಾಪಸ್ ಬಂದರೆ ಇಲ್ಲಿ ಕೆಲಸ ಸಿಗುತ್ತಾ? ಗೊತ್ತಿರುವವರು ಹೇಳಿ.

ನಿವೃತ್ತ ಪಿಎಸ್ಐ: ಸುಮ್ನೆ ದುಡ್ಡು ದಂಡ ಮಾಡಬೇಡಿ ಸಾರ್. ಭಯೋತ್ಪಾದನೆ ಕೇಸ್ ನೋಡುವ ಕೇಂದ್ರದ ತನಿಖಾ ಸಂಸ್ಥೆ ಎನ್ಐಎ ಹುಟ್ಟಿದ್ದು ಮುಂಬೈ ದಾಳಿ ಆದಮೇಲೆ, 2008ರ ಕೊನೆಗೆ. ಅಲ್ಲಿಗೆ ಅಧಿಕಾರಿಗಳು ಹೆಚ್ಚಾಗಿ ಬೇರೆ ಪಡೆಗಳಿಂದ ಡೆಪ್ಯುಟೇಶನ್ ಮೇಲೆ ಬರುತ್ತಾರೆ. ವಿದೇಶಿ ಸರ್ಟಿಫಿಕೇಟ್ ನೋಡಿ ಯಾರೂ ಕರೆಯುವುದಿಲ್ಲ. ಯುಪಿಎಸ್‌ಸಿ ಬರೆಯಲಿ. ಮೂವತ್ತು ವರ್ಷ ಖಾಕಿ ಹಾಕಿದವನು ಹೇಳುತ್ತಿದ್ದೇನೆ, ಈ ಕೆಲಸ ಫೀಲ್ಡ್‌ನಲ್ಲೇ ಕಲಿಯುವಂಥದ್ದು.

ಹೇಗ್ ಕನ್ನಡತಿ: "ಫೀಲ್ಡ್‌ನಲ್ಲೇ" ಅಂದಿರಿ. ಫೀಲ್ಡ್‌ನಲ್ಲಿ ಕಾಣುವುದು ನಿಮ್ಮ ಮುಂದಿನ ಒಂದು ಕೇಸ್ ಮಾತ್ರ. ನಾನು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಇದೇ ವಿಷಯ ಓದಿದವಳು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡೇಟಾಬೇಸ್‌ನಲ್ಲಿ 1970ರಿಂದ 2020ರವರೆಗಿನ ಎರಡು ಲಕ್ಷಕ್ಕೂ ಜಾಸ್ತಿ ಭಯೋತ್ಪಾದನೆ ಘಟನೆಗಳಿವೆ. ಹುಡುಗರು ಯಾಕೆ ಸೇರುತ್ತಾರೆ, ಯಾವಾಗ ಬಿಟ್ಟು ಬರುತ್ತಾರೆ ಅನ್ನುವುದು ಠಾಣೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ.

ಲೆಕ್ಕದ ಮೇಷ್ಟ್ರು: ಆ "ಎರಡು ಲಕ್ಷ"ದಲ್ಲಿ 1993ನೇ ಇಸವಿಯ ದಾಖಲೆಯೇ ಇಲ್ಲ. ಮೊದಲು ಅದನ್ನು ಕೂಡಿಟ್ಟಿದ್ದು ಪಿಂಕರ್ಟನ್ ಎಂಬ ಖಾಸಗಿ ಸಂಸ್ಥೆ. ಕಚೇರಿ ಬದಲಿಸುವಾಗ ಆ ವರ್ಷದ ಕಾಗದಗಳು ಕಳೆದುಹೋದವು. 1993 ಅಂದರೆ ಮುಂಬೈ ಸರಣಿ ಸ್ಫೋಟದ ವರ್ಷ, 257 ಜನ ಸತ್ತರು. ನಮಗೆ ಬೇಕಾದ ವರ್ಷವೇ ಇಲ್ಲದ ಲೆಕ್ಕ ಯಾಕೆ? ಭಯೋತ್ಪಾದನೆ ಅಂದರೇನು ಅಂತ ಹುಡುಕಿದ ಸಂಶೋಧಕ ಅಲೆಕ್ಸ್ ಶ್ಮಿಡ್‌ಗೆ 109 ವ್ಯಾಖ್ಯೆ ಸಿಕ್ಕವು. ಏನೆಂದೇ ಗೊತ್ತಿಲ್ಲದ್ದಕ್ಕೆ ಪದವಿ ಬೇರೆ.

ನಿವೃತ್ತ ಪಿಎಸ್ಐ: "ಠಾಣೆಯಲ್ಲಿ ಕೂತರೆ" ಅಂತೀಯಲ್ಲ ತಾಯಿ, 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯ ಶಿವರಾಸನ್ ತಂಡ ಬೆಂಗಳೂರಿನ ಕೋಣನಕುಂಟೆಯಲ್ಲಿ ಸಿಕ್ಕಿದ್ದು ಯಾವ ಡೇಟಾಬೇಸ್‌ನಿಂದ? ಸುಳಿವು ಸಿಕ್ಕಿತು, ಪೊಲೀಸರು ಮನೆ ಹುಡುಕಿದರು. ಅಷ್ಟೇ.

ಹೇಗ್ ಕನ್ನಡತಿ: "ಸಿಕ್ಕಿದ್ದು" ಅಂದಿರಲ್ಲ ಸಾರ್, ಜೀವಂತ ಸಿಕ್ಕಿದರಾ? ಏಳು ಜನರೂ ಸತ್ತರು. ಮನೆ ಸುತ್ತುವರಿದು ಒಂದು ದಿನಕ್ಕೂ ಜಾಸ್ತಿ ಕಾದು, ಆಗಸ್ಟ್ 20ರ ಬೆಳಿಗ್ಗೆ ಒಳಗೆ ನುಗ್ಗಿದರು. ಅವರು ಶ್ರೀಲಂಕಾದ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇಯವರು, ಸಿಕ್ಕಿಬಿದ್ದರೆ ನುಂಗಿ ಸಾಯಲು ಅವರ ಕೊರಳಲ್ಲಿ ಸಯನೈಡ್ ವಿಷ ಇರುತ್ತಿತ್ತು ಅಂತ ಅವರನ್ನು ಓದಿದ ಯಾರಿಗಾದರೂ ಗೊತ್ತಿತ್ತು.

ಕೋಣನಕುಂಟೆ ಕ್ರಾಸ್: ನಾನಾಗ ಏಳನೇ ಕ್ಲಾಸು. ಅಪ್ಪ ಮನೆಯಿಂದ ಹೊರಗೆ ಬಿಡಲಿಲ್ಲ. ರಾತ್ರಿ ಗುಂಡಿನ ಸದ್ದು ಕೇಳಿಸಿತ್ತು. ಕಾದಿದ್ದು ಯಾಕೆ ಅಂತ ನಮ್ಮ ಬೀದಿಯಲ್ಲಿ ಇವತ್ತಿಗೂ ಕೇಳುತ್ತಾರೆ.

ನಿವೃತ್ತ ಪಿಎಸ್ಐ: "ಓದಿದ ಯಾರಿಗಾದರೂ"! ನಮಗೂ ಗೊತ್ತಿತ್ತಮ್ಮಾ! ಗೊತ್ತಿದ್ದಕ್ಕೇ ಕಾದಿದ್ದು. ಜೀವಂತ ಹಿಡಿಯಬೇಕಿತ್ತು. ನಾನು ಆ ಬಂದೋಬಸ್ತ್‌ನಲ್ಲಿದ್ದೆ. ರಾತ್ರಿಯೆಲ್ಲ ಬೀದಿಯಲ್ಲಿ ನಿಂತವರ ಬಗ್ಗೆ ಯೂರೋಪಿನಲ್ಲಿ ಕೂತು ತೀರ್ಪು ಕೊಡಬೇಡ.

ಹೇಗ್ ಕನ್ನಡತಿ: ಬೀದಿಯಲ್ಲಿ ನಿಂತವರ ಮೇಲೆ ನಾನು ಒಂದು ಮಾತೂ ಆಡಿಲ್ಲ. ಕಾದಷ್ಟೂ ಸಾಯಲು ಅವರಿಗೇ ಸಮಯ ಸಿಕ್ಕಿತು ಅನ್ನುವುದಷ್ಟೇ ನನ್ನ ಮಾತು. ಆ ತೀರ್ಮಾನ ಯಾರದ್ದು, ಯಾಕೆ ಅಂತ ಕೂತು ಬಿಡಿಸುವುದೇ ಈ ಓದು. ನೀವು ಕೋಪ ಮಾಡಿಕೊಂಡರೆ ಉತ್ತರ ಸಿಗುವುದಿಲ್ಲ.

ಲೆಕ್ಕದ ಮೇಷ್ಟ್ರು: 109 ವ್ಯಾಖ್ಯೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ತುಂಗಾ ತೀರ: ಮಾವ, ಇನ್ನೊಂದು ವಿಷಯ ನೋಡಿಕೊಳ್ಳಿ. 2008ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಂಎ ಹುಡುಗನೊಬ್ಬ ಸಂಶೋಧನೆಗೆಂದು ಅಲ್‌ಖೈದಾ ಕೈಪಿಡಿ ಡೌನ್‌ಲೋಡ್ ಮಾಡಿದ. ಅದು ಅಮೆರಿಕ ಸರ್ಕಾರದ ವೆಬ್‌ಸೈಟ್‌ನಲ್ಲೇ ಇತ್ತು. ಆದರೂ ಸುಮಾರು ಒಂದು ವಾರ ಒಳಗಿಟ್ಟು, ಆರೋಪ ಹೊರಿಸದೆ ಬಿಟ್ಟರು. 2011ರಲ್ಲಿ ಪೊಲೀಸರು 20,000 ಪೌಂಡ್ ಪರಿಹಾರ ಕೊಟ್ಟರು. ಅಷ್ಟು ದೂರ ಯಾಕೆ? ಪೊಲೀಸ್, ಭದ್ರತೆ ವಿಷಯ ಕಲಿಸುವ ಕೇಂದ್ರ ಸರ್ಕಾರದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯಕ್ಕೆ ನಮ್ಮ ಶಿವಮೊಗ್ಗದಲ್ಲೇ ಕ್ಯಾಂಪಸ್ ಇದೆ.

ನಿವೃತ್ತ ಪಿಎಸ್ಐ: "ಒಂದು ವಾರ ಒಳಗಿಟ್ಟು" ಅಂದರೆ ಏನಾಯಿತು? ಪರಿಶೀಲಿಸಿ ಬಿಟ್ಟರಲ್ಲ. ಆ ಹೊತ್ತಿನಲ್ಲಿ ಪೊಲೀಸರು ಇನ್ನೇನು ಮಾಡಬೇಕಿತ್ತು?

ಕೋಣನಕುಂಟೆ ಕ್ರಾಸ್: ತಪ್ಪಿಲ್ಲದಿದ್ದರೆ ಪರಿಹಾರ ಯಾಕೆ ಕೊಡುತ್ತಾರೆ ಸಾರ್?

ನಿವೃತ್ತ ಪಿಎಸ್ಐ: ಕೋಣನಕುಂಟೆ ವಿಷಯಕ್ಕೆ ಮೊದಲು ಉತ್ತರ ಬರಲಿ. ತಪ್ಪು ಯಾರದ್ದು ಅನ್ನುವವರು ಒಂದು ರಾತ್ರಿ ಅಲ್ಲಿ ನಿಂತು ನೋಡಬೇಕಿತ್ತು.

ದಾವಣಗೆರೆ ಮಾವ: ದಯವಿಟ್ಟು ಯಾರಾದರೂ ಫೀಸು, ಸ್ಕಾಲರ್‌ಶಿಪ್ ಬಗ್ಗೆ ಹೇಳಿ. ಅರ್ಜಿ ಹಾಕಿಯಾಗಿದೆ. ಹುಡುಗಿ ಹಟ ಬಿಡುತ್ತಿಲ್ಲ.

ಹೇಗ್ ಕನ್ನಡತಿ: ಹಟ ಬಿಡದಿರಲಿ, ಈ ವಿಷಯಕ್ಕೆ ಅಂಥವರೇ ಬೇಕು. ಆದರೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು. ಈಗಷ್ಟೇ ಬಿಎ ಮುಗಿಸಿದವಳಿಗೆ ಈ ವರ್ಷ ಸಿಗುವುದಿಲ್ಲ.

ನಿವೃತ್ತ ಪಿಎಸ್ಐ: ನೋಡಿದಿರಾ, ಅವರೂ ಅನುಭವವನ್ನೇ ಕೇಳುತ್ತಾರೆ. ನಾನು ಮೊದಲಿಂದ ಹೇಳುತ್ತಿರುವುದೂ ಅದನ್ನೇ.