ಬೆಟ್ಟದ ಮೇಲಿನ ಪುಟ್ಟ ಟೆಂಟು: ಶಿಬಿರವೋ, ಬಿಡಾರವೋ?

ಬಳಗದವರಿಗೆಲ್ಲ ನಮಸ್ಕಾರ.

ಒಂದು ಬೋರ್ಡು ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ನಿಮ್ಮ ನೆರವು ಬೇಕು. ಹೊಸನಗರ ತಾಲ್ಲೂಕಿನಲ್ಲಿ, ಕೊಡಚಾದ್ರಿಯ ತಪ್ಪಲಲ್ಲಿ ನಮ್ಮ ಭಾವನ ಅಡಿಕೆ ತೋಟ ಇದೆ. ತೋಟದ ಮೇಲುಗಡೆ ಬ್ಯಾಣದಲ್ಲಿ, ಅಂದರೆ ಹುಲ್ಲು ಬೆಳೆಯುವ ಬಯಲಿನಲ್ಲಿ, ಸಣ್ಣ ಸಣ್ಣ ಟೆಂಟ್ ಹಾಕಿ, ಚಾರಣಕ್ಕೆ ಬಂದವರಿಗೆ ಬಾಡಿಗೆಗೆ ಕೊಡುತ್ತಾನೆ. ಹೆಚ್ಚಿನವುಗಳಲ್ಲಿ ಇಬ್ಬರು, ಕೆಲವುಗಳಲ್ಲಿ ನಾಲ್ವರು ಮಲಗಬಹುದು. ಎದ್ದು ನಿಲ್ಲೋಕಾಗಲ್ಲ, ತೆವಳಿಕೊಂಡೇ ಒಳಗೆ ಹೋಗಬೇಕು. ದೂರದಿಂದ ನೋಡಿದರೆ ಯಾರೋ ಮಳೆಗೆ ತಲೆ ಮೇಲಿಂದ ಹೊದೆಯುವ ಗೊರಬು ಬಿಚ್ಚಿಟ್ಟು ಹೋದ ಹಾಗೆ ಕಾಣುತ್ತವೆ. ಗೇಟಿನ ಹತ್ತಿರ ಈಗ 'ಟೆಂಟ್ ಸ್ಟೇ ಲಭ್ಯವಿದೆ' ಅನ್ನೋ ಬೋರ್ಡಿದೆ. 'ಅದನ್ನ ಸರಿಯಾದ ಕನ್ನಡದಲ್ಲಿ ಬರೆದುಕೊಡು ಮಾರಾಯ, ಬಂದವರ ಕೈಗೆ ಕೊಡೋಕೆ ಒಂದು ಹಾಳೆ ಸೂಚನೆನೂ ಮಾಡು' ಅಂದಿದ್ದಾನೆ.

ಟೆಂಟ್ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಅದು ನಮ್ಮದಾಗಿ ಎಷ್ಟೋ ಕಾಲ ಆಯ್ತು. ಹಳ್ಳಿಗಳಲ್ಲಿ 'ನಿನ್ನೆ ಟೆಂಟಿಗೆ ಹೋಗಿದ್ವಿ' ಅಂದರೆ ಸಿನಿಮಾಕ್ಕೆ ಹೋಗಿದ್ದೆವು ಅಂತಲೇ ಅರ್ಥ ಇತ್ತು. ಯಕ್ಷಗಾನದಲ್ಲಿ ಬಯಲಾಟದ ಮೇಳ ಬೇರೆ, ಟಿಕೆಟ್ ಇಟ್ಟು ಆಡುವ ಟೆಂಟ್ ಮೇಳ ಬೇರೆ. ಅದನ್ನೇ ಡೇರೆ ಮೇಳ ಅಂತಲೂ ಕರೆಯುತ್ತಾರೆ. ಆದರೆ ಈ ಎರಡು ಕಡೆಯೂ ಟೆಂಟ್ ಅಂದರೆ ನೂರಾರು ಜನ ಕೂರುವ ಜಾಗ. ಇಬ್ಬರು ಮೈಮುದುಡಿ ಮಲಗುವ ಈ ಪುಟಾಣಿಗೆ ಹೆಸರು ಹುಡುಕುವುದು ಒಂದು ಕೆಲಸ. ಅದಕ್ಕಿಂತ ಕಷ್ಟದ್ದು ಆ 'ಸ್ಟೇ'. ಬೆಟ್ಟದ ಮೇಲೆ ಹೀಗೆ ರಾತ್ರಿ ಕಳೆಯುವುದಕ್ಕೆ, ಕಳೆಯುವ ಆ ಜಾಗಕ್ಕೆ ಏನನ್ನೋಣ?

ಎಲ್ಲರ ಬಾಯಿಗೂ ಮೊದಲು ಬರುವುದು ಶಿಬಿರ. ಮೂಲದಲ್ಲಿ ಅದು ದಂಡು ಇಳಿದುಕೊಳ್ಳುವ ಜಾಗವೇ. ಆದರೆ ಇವತ್ತಿನ ಕನ್ನಡದಲ್ಲಿ ಶಿಬಿರ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಬ್ಯಾನರ್, ದೀಪ ಬೆಳಗಿಸುವುದು, ಅತಿಥಿಗಳ ಭಾಷಣ. ರಕ್ತದಾನ ಶಿಬಿರ, ನೇತ್ರ ತಪಾಸಣಾ ಶಿಬಿರ, ಮಕ್ಕಳ ಬೇಸಿಗೆ ಶಿಬಿರ, ಕಾಲೇಜಿನ ಎನ್‌ಎಸ್‌ಎಸ್ ಶಿಬಿರ. ಇವುಗಳಲ್ಲಿ ಎಷ್ಟೋ ಕಡೆ ಒಂದು ಟೆಂಟೂ ಇರಲ್ಲ, ರಾತ್ರಿ ಉಳಿಯುವ ಮಾತೂ ಇರಲ್ಲ. ಹೋದವರು ಶಿಬಿರಾರ್ಥಿಗಳಾಗುತ್ತಾರೆ, ಏನೋ ಕಲಿತು ಬರಬೇಕಾಗುತ್ತದೆ. ಶನಿವಾರ ಸಂಜೆ ಬಂದು, ಚಳಿ ಕಾಯಿಸಿ, ಹರಟೆ ಹೊಡೆದು, ಭಾನುವಾರ ಬೆಟ್ಟ ಹತ್ತಿ ಹೋಗುವವರನ್ನು ಶಿಬಿರಾರ್ಥಿ ಅಂದರೆ ಅವರಿಗೇ ನಗು ಬರುತ್ತದೆ. ಸ್ಕೌಟ್ಸ್‌ನವರ 'ಶಿಬಿರಾಗ್ನಿ'ಯೂ ಇದೇ ಜಾತಿ. ಸ್ಕೌಟ್ಸ್‌ನಲ್ಲಿ ಅದು ಚೆಂದ. ಭಾವನ ಬ್ಯಾಣದಲ್ಲಿ ಅದು ಸುಮ್ನೆ ಬೆಂಕಿ.

ಹಾಗಾದರೆ ಕ್ಯಾಂಪ್ ಅಂತಲೇ ಬಿಡೋಣ ಅಂದರೆ, ಆ ಪದ ಆಗಲೇ ಬೇರೆ ಬೇರೆ ಕಡೆ ಮನೆ ಮಾಡಿಕೊಂಡಿದೆ. 'ಸಾಹೇಬ್ರು ಕ್ಯಾಂಪ್ ಹೋಗಿದ್ದಾರೆ' ಅಂದರೆ ಆಫೀಸಿನಲ್ಲಿ ಅವರಿಲ್ಲ, ಕೆಲಸ ಇವತ್ತು ಆಗಲ್ಲ ಅಂತ. ಬೆಳಗಾವಿಯಲ್ಲಿ ಕ್ಯಾಂಪ್ ಅಂದರೆ ದಂಡು ಪ್ರದೇಶ. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರುಗಳೆಲ್ಲ ಕ್ಯಾಂಪುಗಳೇ. ಬಂಗಾಳಿ ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳೂ ಹಾಗೇ. ಬೈಲುಕುಪ್ಪೆಯಲ್ಲಿ ಟಿಬೆಟನ್ನರ ಕ್ಯಾಂಪುಗಳಿವೆ. ಗಾರೆ ಮನೆ, ಶಾಲೆ, ಅಂಗಡಿ ಎಲ್ಲ ಎದ್ದು ತಲೆಮಾರುಗಳೇ ಕಳೆದಿವೆ, ಹೆಸರು ಮಾತ್ರ ಇನ್ನೂ ಕ್ಯಾಂಪ್.

ಇಲ್ಲೇ ನನಗೆ ಒಂದು ಕುತೂಹಲ ಹುಟ್ಟಿದ್ದು. ಕನ್ನಡದಲ್ಲಿ ತಾತ್ಕಾಲಿಕವಾಗಿ ಇಳಿಯುವ ಜಾಗಕ್ಕೆ ಯಾವ ಪದ ಇಟ್ಟರೂ ಅದು ಬೇರು ಬಿಟ್ಟು ಊರಾಗಿಬಿಡುತ್ತದೆ! ಬೀಡು ನೋಡಿ. ಕೆಡು ಕೇಡಾದ ಹಾಗೆ, ಪಡು ಪಾಡಾದ ಹಾಗೆ ಬಿಡು ಬೀಡಾಯಿತು. ದಾರಿಯಲ್ಲಿ ಬಂಡಿ ಬಿಟ್ಟು, ಹೊರೆ ಇಳಿಸಿ ನಿಂತ ಜಾಗ ಅನ್ನೋ ನೆನಪು ಅದರೊಳಗಿದೆ. ಶಾಸನಗಳಲ್ಲಿ ರಾಜ ಇಂಥ 'ನೆಲೆವೀಡಿನೊಳ್' ಸುಖಸಂಕಥಾವಿನೋದದಿಂ ರಾಜ್ಯವಾಳುತ್ತಿದ್ದ ಅಂತ ಮತ್ತೆ ಮತ್ತೆ ಬರುತ್ತದೆ. ನೆಲೆ ಮತ್ತು ಬೀಡು! ನಿಂತೇ ಇರುವ ಬೀಡು ಅಂದರೆ ರಾಜಧಾನಿ ಅಂತಲೇ ಆಯ್ತಲ್ವಾ? ದೋರಸಮುದ್ರ ಪಾಳುಬಿದ್ದ ಮೇಲೆ ಹಳೇಬೀಡು ಆಯಿತು. ತುಳುನಾಡಿನಲ್ಲಿ ಬೀಡು ಅಂದರೆ ಜೈನ ಅರಸರ, ಬಲ್ಲಾಳರ ದೊಡ್ಡ ಮನೆ. ಗುಡ್ಡ ಉರುಳಿದರೂ ಅಲುಗದ ಮನೆ.

ಪಾಳೆಯದ ಕತೆಯೂ ಅದೇ. ದಂಡು ಇಳಿದ ಪಾಳೆಯ ಪಾಳ್ಯವಾಗಿ ಬೆಂಗಳೂರಿನ ತುಂಬ ಹರಡಿದೆ. ಈಗ ಆ ಪಾಳ್ಯಗಳಲ್ಲಿ ಒಂದು ಸೈಟು ಸಿಕ್ಕರೆ ಪುಣ್ಯ. ಹಾಗೇ ಒಂದು ಅಡ್ಡ ಪ್ರಶ್ನೆ. ಬ್ರಿಟಿಷರ ಕಾಲದಲ್ಲಿ ಹಡಗಿನ ಆಳುಗಳಿಗೆ ಮಾತ್ರವಲ್ಲ, ದಂಡಿನಲ್ಲಿ ಡೇರೆ ಹಾಕುವ, ಸಾಮಾನು ಹೊರುವ ಆಳುಗಳಿಗೂ ಕಲಾಸಿ ಅನ್ನೋ ಹೆಸರಿತ್ತು. ಕಲಾಸಿಪಾಳ್ಯಕ್ಕೂ ಇವರಿಗೂ ನಂಟಿದೆಯೇ? ಹಳೆಯ ಬೆಂಗಳೂರು ಬಲ್ಲವರು ಹೇಳಬೇಕು. ದಂಡು ಅಂತೂ ರೈಲ್ವೆ ನಿಲ್ದಾಣದ ಬೋರ್ಡಿನ ಮೇಲೆ ಭದ್ರವಾಗಿ ಕೂತಿದೆ.

ಇನ್ನು ಉಳಿಯುವುದಕ್ಕೆ ಇರುವ ಪದಗಳು. ತಂಗು ಒಳ್ಳೆಯ ಪದ, ಆದರೆ ತಂಗುದಾಣ ಅಂದರೆ ಶಾಸಕರ ಹೆಸರು ಬರೆದ ಬಸ್ ಸ್ಟಾಪು. ವಾಸ್ತವ್ಯ ಪೇಪರಿನವರ ಮಾತು, ಮುಖ್ಯಮಂತ್ರಿಗಳ ಗ್ರಾಮ ವಾಸ್ತವ್ಯದಿಂದ ಮೇಲೆ ಅದಕ್ಕೆ ಇನ್ನಷ್ಟು ತೂಕ ಬಂದಿದೆ. ಮೊಕ್ಕಾಂ ಸ್ವಾಮಿಗಳಿಗೂ ಅಧಿಕಾರಿಗಳಿಗೂ ಸೇರಿದ್ದು. ನನಗೆ ತುಂಬ ಹಿಡಿಸಿದ್ದು ಉತ್ತರ ಕರ್ನಾಟಕದ ವಸ್ತಿ. ಸಂಜೆ ಹಳ್ಳಿಗೆ ಬಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡುವ ಬಸ್ಸಿಗೆ ಅಲ್ಲಿ 'ವಸ್ತಿ ಬಸ್' ಅನ್ನುತ್ತಾರೆ. ಒಂದು ರಾತ್ರಿ, ಬೆಳಗಾದರೆ ಹೊರಟೆವು. ನಮ್ಮ ಚಾರಣಿಗರು ಮಾಡುವುದೂ ಅದನ್ನೇ. ಆದರೆ ಹೊಸನಗರದಲ್ಲಿ 'ವಸ್ತಿ' ಅಂತ ಬರೆದರೆ ಜನ ವಸತಿ ಅಂತ ಓದಿಕೊಂಡು ರೂಮು ಕೇಳುತ್ತಾರೆ.

ಸುತ್ತಿ ಬಳಸಿ ನಾನು ಬಂದು ನಿಂತಿರುವುದು ಬಿಡಾರದ ಹತ್ತಿರ. ಬೇರೆ ಪದಗಳೆಲ್ಲ ಊರಾಗಿ, ಮನೆಯಾಗಿ, ಕಾರ್ಯಕ್ರಮವಾಗಿ ಹೋದರೂ ಇದೊಂದು ಇನ್ನೂ 'ಇವತ್ತು ಇಲ್ಲಿ, ನಾಳೆ ಎಲ್ಲೋ' ಅನ್ನೋ ಗುಣ ಉಳಿಸಿಕೊಂಡಿದೆ. ಯಕ್ಷಗಾನ ಮೇಳದವರು ಹಗಲು ಮಲಗಿ ಸುಧಾರಿಸಿಕೊಳ್ಳುವ ಜಾಗ ಬಿಡಾರ. ಹೆಳವರು, ಕುರಿಗಾರರು ಊರ ಹೊರಗೆ ಬಿಡಾರ ಹೂಡುತ್ತಾರೆ, ಬಿಡಾರ ಕೀಳುತ್ತಾರೆ. ಇನ್ನು ಆನೆಗಳಂತೂ ಕನ್ನಡವನ್ನು ನಮಗಿಂತ ಚೆನ್ನಾಗಿ ಉಳಿಸಿಕೊಂಡಿವೆ. ಶಿವಮೊಗ್ಗದ ಹತ್ತಿರ ಇರುವುದು ಸಕ್ರೆಬೈಲು ಆನೆ ಬಿಡಾರ. ಸಕಲೇಶಪುರ ಕಡೆ ಕಾಡಾನೆ ಹಿಂಡು ತೋಟಕ್ಕೆ ನುಗ್ಗಿದರೆ ಪೇಪರಿನಲ್ಲಿ ಬರುವುದು 'ಬೀಡುಬಿಟ್ಟಿವೆ' ಅಂತ. ಸಾಕಾನೆಗೆ ಬಿಡಾರ, ಕಾಡಾನೆಗೆ ಬೀಡು, ಮನುಷ್ಯರಿಗೆ ಮಾತ್ರ 'ಟೆಂಟ್ ಸ್ಟೇ'.

ಇದಕ್ಕೆ ಬರಬಹುದಾದ ಆಕ್ಷೇಪ ನನಗೆ ಗೊತ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಿಡಾರ ಅಂದರೆ ಕೂಲಿಯವರ ಗುಡಿಸಲು ಅನ್ನೋ ಅರ್ಥ ಇದೆ. ಬಾಡಿಗೆ ಮನೆಗೂ ಬಿಡಾರ ಅನ್ನುವ ಹಿರಿಯರಿದ್ದಾರೆ. ಭಾವನೇ 'ದುಡ್ಡು ಕೊಟ್ಟು ಬಿಡಾರದಲ್ಲಿ ಯಾರು ಮಲಗ್ತಾರೆ' ಅಂದ. ಆದರೆ 'ಬೆಟ್ಟದ ಬಿಡಾರ' ಅಂತ ಜೋಡಿಸಿದರೆ ಆ ಹಳೇ ಅರ್ಥ ಹಿಂದೆ ಸರಿಯುತ್ತದೆ ಅಂತ ನನ್ನ ಅನಿಸಿಕೆ. ಚಾರಣ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಚಾರಣ ಅಂದರೆ ಊರೂರು ಅಲೆಯುವ ಹೊಗಳುಭಟ. ಅದು ಇವತ್ತು ಯಾರಿಗೆ ನೆನಪಿದೆ? ಚಿಕ್ಕದು, 'ಚಾರಣಕ್ಕೆ ಹೋದೆ' ಅನ್ನೋಕೆ ಬರುತ್ತದೆ, 'ಚಾರಣಿಗ' ಅಂತ ಬಾಲ ಹಚ್ಚೋಕೂ ಬರುತ್ತದೆ. ಅಷ್ಟು ಸಾಕಾಯಿತು. ಬಿಡಾರಕ್ಕೂ ಈ ಸೌಕರ್ಯ ಇದೆ. 'ಬಿಡಾರಿಗ' ಸ್ವಲ್ಪ ಜಾಸ್ತಿ ಆಯ್ತೇನೋ, ನೀವೇ ಹೇಳಿ.

ಟೆಂಟಿಗೆ ನನ್ನ ಓಟು ಡೇರೆಗೆ. ಗುಡಾರ ಕೇಳಲು ಚೆನ್ನಾಗಿದೆ. ಗುಡಿ, ಗುಡಿಸಲುಗಳ ಪಕ್ಕದಲ್ಲೇ ಕೂತ ಹಾಗಿದೆ. ಆದರೆ ಕನ್ನಡ ಬೈಬಲಿನ 'ದೇವದರ್ಶನದ ಗುಡಾರ' ಓದಿ ಬೆಳೆದವರಿಗೆ ಅದು ಬೇರೆ ಗಾಂಭೀರ್ಯದ ಪದ. ತಂಬು ನಮ್ಮ ಕಡೆ ಓಡಲ್ಲ. ಡೇರೆಗೆ 'ಕಿರು' ಸೇರಿಸಿ ಕಿರುಡೇರೆ ಅನ್ನಬಹುದು, ಆದರೆ 'ಇಬ್ಬರ ಡೇರೆ', 'ನಾಲ್ವರ ಡೇರೆ' ಅಂದರೆ ಬಂದವರಿಗೆ ಲೆಕ್ಕವೂ ಸಿಕ್ಕಿತು, ಗಾತ್ರವೂ ಗೊತ್ತಾಯಿತು.

ಕ್ರಿಯಾಪದದಲ್ಲಿ ನಾವು ಬಡವರಲ್ಲ. ಡೇರೆ ಹಾಕು, ಡೇರೆ ಹೂಡು ಎರಡೂ ಇವೆ. ನನಗೆ ಹೂಡು ಇಷ್ಟ. ನೇಗಿಲು ಹೂಡು, ಬಂಡಿ ಹೂಡು, ಬಾಣ ಹೂಡು, ಮೂರು ಕಲ್ಲಿಟ್ಟು ಒಲೆ ಹೂಡು. ಬಿಡಿಬಿಡಿಯಾಗಿದ್ದುದನ್ನು ಸೇರಿಸಿ ಕೆಲಸಕ್ಕೆ ಅಣಿ ಮಾಡುವ ಪದ ಅದು. ಚೀಲದಿಂದ ತೆಗೆದು, ತುಂಡು ತುಂಡು ಕಡ್ಡಿ ಸೇರಿಸಿ, ಬಟ್ಟೆಯೊಳಗೆ ತೂರಿಸಿ, ಬಗ್ಗಿಸಿ ಎಬ್ಬಿಸುವ ಈಗಿನ ಡೇರೆಗೆ ಇದಕ್ಕಿಂತ ಹೊಂದುವ ಪದ ಸಿಗಲಿಕ್ಕಿಲ್ಲ. ಬಿಚ್ಚುವುದಕ್ಕೆ ಕೀಳು ಇದ್ದೇ ಇದೆ.

'ಕಡ್ಡಿ' ಅಂದೆ ನೋಡಿ. ಸೂಚನೆಯ ಹಾಳೆಯಲ್ಲಿ ಮೊದಲು 'ಕಂಬ' ಅಂತ ಬರೆದಿದ್ದೆ. ಹಳೆಯ ದಪ್ಪ ಬಟ್ಟೆಯ ಡೇರೆಗೆ ನಡುವೆ ಕಂಬ ಇತ್ತು, ಸರಿ. ಈಗಿನದು ಫೈಬರ್ ಅಥವಾ ಅಲ್ಯೂಮಿನಿಯಂ, ಕೊಡೆ ಕಡ್ಡಿಯ ಹಾಗೆ ಬಾಗುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗರು ಕಡ್ಡಿ ಅಂತಲೇ ಅನ್ನುತ್ತಾರೆ. ಹಾಗೇ ಬಿಟ್ಟಿದ್ದೇನೆ. ನೆಲಕ್ಕೆ ಹೊಡೆಯುವುದು ಗೂಟ. ಅದು ಬೆರಳು ಗಾತ್ರದ ತಂತಿ ಮೊಳೆಯಾದರೂ ಗೂಟವೇ ಸರಿ ಅನಿಸುತ್ತದೆ, ಯಾಕಂದರೆ ಮೊಳೆ ಅಂದರೆ ಜನ ನೆಟ್ಟಗೆ ಹೊಡೆಯುತ್ತಾರೆ. ಇದನ್ನು ಓರೆಯಾಗಿ, ತಲೆ ಡೇರೆಯಿಂದ ಆಚೆ ವಾಲುವ ಹಾಗೆ ಹೊಡೆಯಬೇಕು. ಇಲ್ಲದಿದ್ದರೆ ಗಾಳಿ ಎಳೆದಾಗ ಕಿತ್ತು ಬರುತ್ತದೆ. ಗೂಟಕ್ಕೂ ಡೇರೆಗೂ ನಡುವೆ ಬಿಗಿಯುವ ದಾರಕ್ಕೆ 'ಎಳೆಹಗ್ಗ' ಅಂತ ಹಾಕಿದ್ದೇನೆ. ಡೇರೆ ಮೇಳದಲ್ಲಿ, ಸರ್ಕಸ್ಸಿನಲ್ಲಿ ಕೆಲಸ ಮಾಡಿದವರಿಗೆ ಬೇರೆ ಪದ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಹೆಚ್ಚು ತಲೆ ಕೆಡಿಸಿದ್ದು ಎರಡು ಪದರದ ವಿಷಯ. ಒಳಗೆ ಸೊಳ್ಳೆಪರದೆಯಂಥ ತೆಳು ಪದರ, ಮೇಲೆ ನೀರು ಇಳಿಯದ ಹೊದಿಕೆ. ಚಳಿಯ ರಾತ್ರಿ ಒಳಗೆ ಮಲಗಿದವರ ಉಸಿರಿನ ತೇವ ತಣ್ಣನೆಯ ಮೇಲು ಹೊದಿಕೆಗೆ ತಾಗಿ ಹನಿಗಟ್ಟುತ್ತದೆ. ಎರಡು ಪದರದ ನಡುವೆ ಗಾಳಿ ಆಡುವ ಜಾಗ ಇದ್ದರೆ ಆ ಹನಿ ಮೈಮೇಲೆ ಬೀಳದೆ ಪಕ್ಕಕ್ಕೆ ಇಳಿದು ಹೋಗುತ್ತದೆ. ಬೆಳಿಗ್ಗೆ ಎದ್ದು 'ನಿಮ್ಮ ಟೆಂಟ್ ಸೋರುತ್ತೆ' ಅಂತ ಜಗಳ ಆಡಿದವರಿದ್ದಾರಂತೆ, ಮಳೆ ಹನಿಯೂ ಬೀಳದ ರಾತ್ರಿ! ಇದಕ್ಕೆ ಸಾಂದ್ರೀಕರಣ ಅಂತ ಬರೆದರೆ ಯಾರು ಓದುತ್ತಾರೆ? ಮಳೆಗಾಲದಲ್ಲಿ ಮನೆಯ ನೆಲ ಬೆವರುತ್ತದೆ ಅನ್ನುತ್ತೇವಲ್ಲ, ಅದನ್ನೇ ತೆಗೆದುಕೊಂಡೆ: 'ಚಳಿಗೆ ಡೇರೆ ಬೆವರುತ್ತದೆ. ಗಾಳಿಕಿಂಡಿ ಮುಚ್ಚಬೇಡಿ.' ಅದರ ಕೆಳಗೇ ಇನ್ನೊಂದು ಸಾಲು, ಇದಕ್ಕೆ ದಪ್ಪ ಅಕ್ಷರ: 'ಡೇರೆಯೊಳಗೆ ಒಲೆ, ಕೆಂಡ, ಇದ್ದಿಲು ಬೇಡ.' ಬೆಂಕಿ ತಗುಲಿದರೆ ನೈಲಾನ್ ಕರಗಿ ಮೈಗೆ ಅಂಟುತ್ತದೆ. ಮುಚ್ಚಿದ ಡೇರೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಇಂಥ ಕಡೆ 'ನಿಷೇಧಿಸಲಾಗಿದೆ'ಗಿಂತ 'ಬೇಡ' ಬೇಗ ತಲುಪುತ್ತದೆ ಅನ್ನೋದು ನನ್ನ ನಂಬಿಕೆ.

ನೆಲಕ್ಕೆ ಹಾಸುವುದಕ್ಕೆ ನಮ್ಮಲ್ಲಿ ಟಾರ್ಪಾಲು, ಉತ್ತರದಲ್ಲಿ ತಾಡಪತ್ರಿ. 'ಅಡಿಹಾಸು' ಅಂತ ಬರೆದಿದ್ದೇನೆ. ಇಂಬಳ (ಜಿಗಣೆ), ಕೊಡಚಾದ್ರಿ, ಜೀಪು, ಜಿಪ್ಪು ಇವಕ್ಕೆ ಯಾರ ಸಹಾಯವೂ ಬೇಡ.

ಇನ್ನೊಂದು ಸೂಚನೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮಕ್ಕೆ ಸೇರಿದ್ದು, 1,343 ಮೀಟರ್ ಎತ್ತರದ ಆ ತುದಿಯಲ್ಲಿ ಮನಸ್ಸಿಗೆ ಬಂದ ಕಡೆ ಡೇರೆ ಹಾಕುವ ಹಾಗಿಲ್ಲ. ಬಂದವರಲ್ಲಿ ಕೆಲವರು 'ಇಲ್ಲಿ ಬಾಡಿಗೆ ಯಾಕೆ, ಮೇಲೆ ಹೋಗಿ ಹಾಕ್ಕೊಳ್ತೀವಿ' ಅನ್ನುತ್ತಾರೆ. ಅವರಿಗೆ 'ಮೇಲೆ ಬಿಡಾರ ಹೂಡುವಂತಿಲ್ಲ' ಅಂತ ಬರೆದರೆ ಸಾಕೇ? ಇಲ್ಲಿ ಬಿಡಾರ ಹೂಡು ಅಂದರೆ ಒಂದು ರಾತ್ರಿಯ ಡೇರೆಯೂ ಸೇರುತ್ತದೆ ಅಂತ ಓದಿದವರಿಗೆ ಹೊಳೆಯುತ್ತದೆಯೋ, ಅಥವಾ 'ನಾವೇನು ತಿಂಗಳುಗಟ್ಟಲೆ ಇರ್ತೀವಾ' ಅಂತ ವಾದಕ್ಕೆ ನಿಲ್ಲುತ್ತಾರೋ? 'ರಾತ್ರಿ ಉಳಿಯುವಂತಿಲ್ಲ' ಅಂತ ಸಪ್ಪೆಯಾಗಿ ಬರೆಯೋದೇ ವಾಸಿ ಅನಿಸುತ್ತಿದೆ.

ಸದ್ಯದ ಕರಡು ಹೀಗಿದೆ: 'ಬೆಟ್ಟದ ಬಿಡಾರ. ಇಬ್ಬರ, ನಾಲ್ವರ ಡೇರೆಗಳು ಬಾಡಿಗೆಗೆ ಸಿಗುತ್ತವೆ. ಊಟ ಇದೆ.' ಕೊಡಗು, ಉತ್ತರ ಕನ್ನಡ, ಬೀದರ್ ಕಡೆಯವರು ನಿಮ್ಮಲ್ಲಿ ಬಿಡಾರಕ್ಕೆ ಯಾವ ಅರ್ಥ ಇದೆ ಅಂತ ಒಂದು ಸಾಲು ಬರೆದರೂ ಉಪಕಾರ. ಎಲ್ಲಾದರೂ ಅದು ಕೀಳಾಗಿ ಕೇಳಿಸುತ್ತದೆ ಅನ್ನುವುದಾದರೆ ಮುಚ್ಚಿಡದೆ ಹೇಳಿ. ದೀಪಾವಳಿ ಕಳೆದ ಮೇಲೆ ಪೇಂಟರ್ ಬರುತ್ತಾನೆ, ಅಷ್ಟರೊಳಗೆ ತಿದ್ದಬಹುದು.