ತಾಮ್ರದ ಬಸ್‌ಬಾರ್ (ಕರೆಂಟ್ ಸಾಗಿಸುವ ಪಟ್ಟಿ) ಸಿಮ್ಯುಲೇಶನ್‌ನಲ್ಲಿ ಬಿಸಿಯೇ ಆಗ್ತಿಲ್ಲ, ಯಾರಾದ್ರೂ ಮಾಡಿದ್ದೀರಾ?

ಕೇಳಿದವರು (ವಿದ್ಯಾನಗರ, ಹುಬ್ಬಳ್ಳಿ): ಫೈನಲ್ ಇಯರ್ ಪ್ರಾಜೆಕ್ಟ್. 25×5 ಮಿ.ಮೀ. ತಾಮ್ರದ ಪಟ್ಟಿ, 300 ಆಂಪಿಯರ್ ಡಿಸಿ. ಎಲ್ಮರ್ ಅನ್ನೋ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ 20 ಸೆಂ.ಮೀ. ತುಂಡು ಬಿಡಿಸಿದ್ದೇನೆ. ಗಾಳಿ 40 ಡಿಗ್ರಿ, ಎರಡೂ ತುದಿಗೂ 40 ಕೊಟ್ಟಿದ್ದೇನೆ. ನಡುವೆ 41 ದಾಟಿ ಅಲ್ಲೇ ನಿಲ್ಲುತ್ತದೆ. ಗೋಕುಲ ರೋಡಿನ ಎಲೆಕ್ಟ್ರಿಕಲ್ ಪ್ಯಾನೆಲ್ ವರ್ಕ್‌ಶಾಪಿನವರು 65ರ ಹತ್ತಿರ ಬರುತ್ತೆ ಅಂತಾರೆ.

ಧಾರವಾಡದಿಂದ: ತುದಿಗಳನ್ನು ನೋಡ್ರಿ. 40 ಅಂತ ಬಿಗಿದರೆ ಎಷ್ಟು ಶಾಖ ಬಂದರೂ ಅವು ನುಂಗುತ್ತವೆ. ತಾಮ್ರ ಶಾಖವನ್ನು ಬಲು ಬೇಗ ಸಾಗಿಸುತ್ತದೆ. ಈ ಅಳತೆಯ ಪಟ್ಟಿಯಲ್ಲಿ ತುದಿಯ ಪ್ರಭಾವ ಒಂದು ಅಡಿ ಒಳಗೂ ಚೆನ್ನಾಗಿ ಕಾಣುತ್ತದೆ. ನಿಮ್ಮ ತುಂಡೇ ಅಷ್ಟಿಲ್ಲ! ತುದಿಯಲ್ಲಿ ಕರೆಂಟ್ ಮಾತ್ರ ಹರಿಯಲಿ, ಶಾಖ ದಾಟದಿರಲಿ. ಇಲ್ಲಾಂದ್ರೆ ಎರಡು ಮೀಟರ್ ಉದ್ದ ಬಿಡಿಸಿ ನಡುವಿನ ಬೆಲೆ ಓದಿ.

ಅದಕ್ಕೂ ಮೊದಲು ಕಾಗದದ ಲೆಕ್ಕ ಬೇಕೇ ಬೇಕು. ಬಿಸಿಯಾದ ಪಟ್ಟಿಯಲ್ಲಿ ಮೀಟರಿಗೆ ಸುಮಾರು 14.6 ವ್ಯಾಟ್ ಹುಟ್ಟುತ್ತದೆ. ಮೀಟರ್ ಉದ್ದದ ಹೊರಮೈ 0.06 ಚದರ ಮೀಟರ್. ಗಾಳಿ, ವಿಕಿರಣ ಎರಡೂ ಸೇರಿ ಚದರ ಮೀಟರಿಗೆ, ಡಿಗ್ರಿಗೆ 10 ವ್ಯಾಟ್ ಹೋಗುತ್ತೆ ಅಂತಿಟ್ಟುಕೊಂಡರೆ 24 ಡಿಗ್ರಿ ಏರಿಕೆ. ಅಂದ್ರೆ 64. ವರ್ಕ್‌ಶಾಪಿನವರು ಸುಮ್ನೆ ಹೇಳಿಲ್ಲ.

ಗದಗದಿಂದ: ರೆಸಿಸ್ಟಿವಿಟಿಯನ್ನು (ಕರೆಂಟಿಗೆ ತಾಮ್ರ ಒಡ್ಡುವ ತಡೆ) 20 ಡಿಗ್ರಿಯದ್ದೇ ಇಡಬೇಡಿ. ಡಿಗ್ರಿಗೆ ಅದರ 0.00393 ಪಾಲಿನಂತೆ ಏರುತ್ತದೆ, 65ಕ್ಕೆ ಸುಮಾರು 18 ಪರ್ಸೆಂಟ್ ಜಾಸ್ತಿ.

ಪ್ಯಾನೆಲ್ ಕೆಲಸದವರು: ಆ 10 ಹಳೆಯ, ಕಪ್ಪಾದ ಬಾರ್‌ಗೆ ಸರಿ. ಹೊಸ ಹೊಳೆಯುವ ತಾಮ್ರ ವಿಕಿರಣದಿಂದ ಹೆಚ್ಚೇನೂ ಬಿಡೋದಿಲ್ಲ. 6 ಇಟ್ಟು ನೋಡಿ, 80 ದಾಟುತ್ತೆ. ಅದೇ ಕಾರಣಕ್ಕೆ ಹೊಳೆಯುವ ಬಾರ್‌ಗೆ ಇನ್‌ಫ್ರಾರೆಡ್ ಗನ್ (ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್) ಹಿಡಿದರೆ ತೀರಾ ಕಡಿಮೆ ತೋರಿಸುತ್ತದೆ. ಸಪ್ಲೈ ಆಫ್ ಮಾಡಿ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಆಮೇಲೆ ಲೋಡ್ ಕೊಟ್ಟು ಟೇಪ್ ಮೇಲೆ ಅಳೆಯಿರಿ.

ಕೇಳಿದವರು: ತುದಿಗಳಿಗೆ ಕೊಟ್ಟಿದ್ದ 40 ತೆಗೆದೆ, 64 ಬಂತು. ಥ್ಯಾಂಕ್ಸ್! ಬೋಲ್ಟ್ ಜಾಯಿಂಟನ್ನೂ ಸೇರಿಸಬೇಕಾ?

ಪ್ಯಾನೆಲ್ ಕೆಲಸದವರು: ಸೇರಿಸಿ. ಸುಡೋದು ಸಾಮಾನ್ಯವಾಗಿ ಅಲ್ಲೇ. ಆದರೆ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ (ಎರಡು ಪಟ್ಟಿ ಕೂಡುವಲ್ಲಿನ ತಡೆ) ಊಹಿಸಬೇಡಿ. ಲೋಡ್ ಇರುವಾಗ ಜಾಯಿಂಟಿನ ಎರಡೂ ಕಡೆ ಮಿಲಿವೋಲ್ಟ್ ಅಳೆದು ಕರೆಂಟಿನಿಂದ ಭಾಗಿಸಿ, ಆ ಬೆಲೆ ಹಾಕಿ.